ಅಬುಧಾಬಿಯಲ್ಲಿ ಮೆಕ್‌ಲಾರೆನ್ ಸೋತರೆ ತಪ್ಪು ಸಮಾನತೆಯದ್ದಾ?

ಈ ಭಾನುವಾರ, ಡಿಸೆಂಬರ್ 7ರ ಸಂಜೆ ಆರೂವರೆಗೆ (ನಮ್ಮ ಸಮಯ) ಅಬುಧಾಬಿಯ ಯಾಸ್ ಮರೀನಾದಲ್ಲಿ 2025ರ ಫಾರ್ಮುಲಾ 1 ಸೀಸನ್ನಿನ ಕೊನೆಯ ರೇಸ್. ಪಟ್ಟಕ್ಕೆ ಮೂವರು ಕಣದಲ್ಲಿದ್ದಾರೆ. ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್ 408 ಪಾಯಿಂಟ್, ರೆಡ್ ಬುಲ್‌ನ ಮ್ಯಾಕ್ಸ್ ವರ್ಸ್ಟಾಪನ್ 396, ಮೆಕ್‌ಲಾರೆನ್‌ನ ಇನ್ನೊಬ್ಬ ಡ್ರೈವರ್ ಆಸ್ಕರ್ ಪಿಯಾಸ್ಟ್ರಿ 392. ಕೊನೆಯ ರೇಸಿಗೆ ಇಬ್ಬರಿಗಿಂತ ಹೆಚ್ಚು ಜನ ಪಟ್ಟದ ಆಸೆ ಇಟ್ಟುಕೊಂಡು ಬಂದಿರುವುದು 2010ರ ನಂತರ ಇದೇ ಮೊದಲು.

ಚುನಾವಣೆ ನೋಡಿ ಬೆಳೆದ ನಮಗೆ ಈ ಲೆಕ್ಕ ಹೊಸದಲ್ಲ. ಒಂದೇ ಪಕ್ಷದ ಇಬ್ಬರು ಆಕಾಂಕ್ಷಿಗಳು, ಎದುರಿಗೆ ಒಬ್ಬ ಗಟ್ಟಿ ಅಭ್ಯರ್ಥಿ. ಮತ ಒಡೆದರೆ ಲಾಭ ಯಾರಿಗೆ ಅಂತ ಹೇಳಬೇಕಿಲ್ಲ. ಹಾಗಾಗಿ ಈ ವಾರವಿಡೀ ಕೇಳಿಬರುತ್ತಿರುವ ವಾದ ಒಂದೇ: ಮೆಕ್‌ಲಾರೆನ್ ಹೈಕಮಾಂಡ್ ಇಬ್ಬರಿಗೂ ಸಮಾನ ಅವಕಾಶ ಅಂತ ಕೂರದೆ, ಪಿಯಾಸ್ಟ್ರಿಯನ್ನು ಯಾವತ್ತೋ ಸುಮ್ಮನಿರಿಸಬೇಕಿತ್ತು. ಈ ವಾದ ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿದರೆ ನಿಲ್ಲಲ್ಲ.

ಆಗಸ್ಟ್ ಕೊನೆಯಲ್ಲಿ ನೆದರ್ಲೆಂಡ್ಸ್ ರೇಸ್ ಮುಗಿದಾಗ ವರ್ಸ್ಟಾಪನ್, ಮೊದಲ ಸ್ಥಾನದಲ್ಲಿದ್ದ ಪಿಯಾಸ್ಟ್ರಿಗಿಂತ 104 ಪಾಯಿಂಟ್ ಹಿಂದಿದ್ದರು. ಅಲ್ಲಿಂದ ಅವರು ಮೇಲೆ ಬಂದಿದ್ದು ತಮ್ಮ ಓಟದ ಬಲದಿಂದ, ಜೊತೆಗೆ ಮೆಕ್‌ಲಾರೆನ್ ಕೈಯಾರೆ ಕೊಟ್ಟಿದ್ದರಿಂದ. ಲಾಸ್ ವೇಗಸ್‌ನಲ್ಲಿ ನಾರಿಸ್ ಎರಡನೆಯವರಾಗಿ, ಪಿಯಾಸ್ಟ್ರಿ ನಾಲ್ಕನೆಯವರಾಗಿ ಗೆರೆ ದಾಟಿದರು. ಆಮೇಲೆ ಇಬ್ಬರೂ ಅನರ್ಹ. ಕಾರಿನ ಅಡಿಯಲ್ಲಿ 10 ಮಿ.ಮೀ. ದಪ್ಪದ ಹಲಗೆ ಇರುತ್ತದೆ. ರೇಸ್ ಮುಗಿದಾಗ ಅದು 9 ಮಿ.ಮೀ.ಗಿಂತ ಕಡಿಮೆ ಸವೆದಿದ್ದರೆ ಆಟ ಮುಗಿದಂತೆ. ಕಾರನ್ನು ನೆಲಕ್ಕೆ ಎಷ್ಟು ಹತ್ತಿರ ಇಟ್ಟರೆ ಅಷ್ಟು ಹಿಡಿತ, ಅಷ್ಟು ವೇಗ. ಮೆಕ್‌ಲಾರೆನ್ ಎಂಜಿನಿಯರ್‌ಗಳ ಅಂದಾಜು ಮಿ.ಮೀ. ಲೆಕ್ಕದಲ್ಲಿ ಕೈಕೊಟ್ಟಿತು. ಆ 18 ಪಾಯಿಂಟ್ ಉಳಿದಿದ್ದರೆ ನಾರಿಸ್ ಈಗ 426ರಲ್ಲಿ ಇರುತ್ತಿದ್ದರು, ವರ್ಸ್ಟಾಪನ್‌ಗಿಂತ 30 ಮುಂದೆ. ಒಂದು ರೇಸ್ ಗೆದ್ದರೆ ಸಿಗುವುದೇ 25. ಅಂದರೆ ವರ್ಸ್ಟಾಪನ್‌ರ ಪಟ್ಟದ ಆಸೆ ಕಳೆದ ಭಾನುವಾರ ಕತಾರ್‌ನಲ್ಲೇ ಮುಗಿದಿರುತ್ತಿತ್ತು. ಇದರಲ್ಲಿ ಪಿಯಾಸ್ಟ್ರಿಯ ಪಾಲು ಏನಿದೆ? ಏನೂ ಇಲ್ಲ.

ಕತಾರ್ ಕಥೆ ಇನ್ನೂ ಬೇಸರದ್ದು. ಅಲ್ಲಿ ಒಂದು ಸೆಟ್ ಟೈರಿನಲ್ಲಿ 25 ಸುತ್ತಿಗಿಂತ ಹೆಚ್ಚು ಓಡಿಸುವಂತಿರಲಿಲ್ಲ. ರೇಸ್ ಇದ್ದದ್ದು 57 ಸುತ್ತು. 7ನೇ ಸುತ್ತಿನಲ್ಲೇ ಸೇಫ್ಟಿ ಕಾರ್ ಬಂತು. ಉಳಿದದ್ದು ಸರಿಯಾಗಿ 50, ಅಂದರೆ 25ರ ಎರಡು ಕಂತು. ಐದನೇ ಕ್ಲಾಸಿನ ಲೆಕ್ಕ. ಹೆಚ್ಚುಕಮ್ಮಿ ಎಲ್ಲರೂ ಪಿಟ್‌ಗೆ ಹೋದರು, ಮೆಕ್‌ಲಾರೆನ್‌ನ ಎರಡೂ ಕಾರು ಹೊರಗೇ ಉಳಿದವು. ಗೆದ್ದದ್ದು ವರ್ಸ್ಟಾಪನ್. ಇಬ್ಬರನ್ನೂ ಒಟ್ಟಿಗೆ ಕರೆದರೆ ಹಿಂದಿನವನು ಕಾಯಬೇಕಾಗುತ್ತದೆ, ಅದು ಅನ್ಯಾಯ ಅಂತ ಸಮರ್ಥಿಸುವವರಿದ್ದಾರೆ. ಆದರೆ ಒಬ್ಬರನ್ನಾದರೂ ಕರೆಯಬಹುದಿತ್ತಲ್ಲ! ಸಮಾನತೆ ಅಂದರೆ ಇಬ್ಬರಿಗೂ ಒಂದೇ ಅವಕಾಶ. ಇಬ್ಬರ ಮೇಲೂ ಒಂದೇ ತಪ್ಪು ಹೇರುವುದಲ್ಲ.

ಚರಿತ್ರೆಯನ್ನು ಮುಂದಿಡುವವರು 2007ನ್ನು ನೆನಪಿಸುತ್ತಾರೆ. ಆಗ ಮೆಕ್‌ಲಾರೆನ್‌ನ ಹ್ಯಾಮಿಲ್ಟನ್ ಮತ್ತು ಅಲೊನ್ಸೊ ತಲಾ 109 ಪಾಯಿಂಟ್‌ಗೆ ನಿಂತರು, ಫೆರಾರಿಯ ರೈಕೊನೆನ್ 110ರಲ್ಲಿ ಪಟ್ಟ ಒಯ್ದರು. ನಿಜ. ಆದರೆ ಆ ವರ್ಷ ಚೀನಾದಲ್ಲಿ ಸವೆದ ಟೈರಿನಲ್ಲೇ ಹ್ಯಾಮಿಲ್ಟನ್‌ರನ್ನು ಹೊರಗೆ ಬಿಟ್ಟು, ಅವರ ಕಾರು ಪಿಟ್ ದಾರಿಯ ಜಲ್ಲಿಯಲ್ಲಿ ಸಿಕ್ಕಿಬಿದ್ದದ್ದನ್ನು ಮರೆಯುತ್ತಾರೆ. ಇದೇ ಯಾಸ್ ಮರೀನಾದಲ್ಲಿ 2010ರಲ್ಲಿ ಆದದ್ದನ್ನೂ ನೋಡಿ. ಆ ವರ್ಷ ಫೆರಾರಿ ಜರ್ಮನಿಯಲ್ಲಿ ಮಾಸಾ ಕೈಲಿದ್ದ ಗೆಲುವನ್ನು ಅಲೊನ್ಸೊಗೆ ಕೊಡಿಸಿತ್ತು. ರೆಡ್ ಬುಲ್ ತನ್ನ ಇಬ್ಬರನ್ನೂ ಕೊನೆಯವರೆಗೆ ಓಡಲು ಬಿಟ್ಟಿತು. ಫೆರಾರಿ ವೆಬರ್ ಮೇಲೆ ಕಣ್ಣಿಟ್ಟು ಅಲೊನ್ಸೊರನ್ನು ಬೇಗ ಪಿಟ್‌ಗೆ ಕರೆದು, ಪೆಟ್ರೊವ್ ಹಿಂದೆ ಸಿಕ್ಕಿಹಾಕಿಸಿತು. 15 ಪಾಯಿಂಟ್ ಹಿಂದಿದ್ದ ವೆಟ್ಟೆಲ್ 4 ಪಾಯಿಂಟ್‌ನಿಂದ ಚಾಂಪಿಯನ್ ಆದರು.

ಈಗ ಭಾನುವಾರದ ಲೆಕ್ಕ. ವರ್ಸ್ಟಾಪನ್ ಗೆದ್ದರೆ 421. ನಾರಿಸ್ ಮೂರನೆಯವರಾದರೆ 423, ಪಟ್ಟ ಅವರದ್ದು. ನಾಲ್ಕನೆಯವರಾದರೆ 420, ಕೈಜಾರಿತು. ಪಿಯಾಸ್ಟ್ರಿ ತಾವು ಗೆದ್ದರೂ, ಪಟ್ಟ ಸಿಗಲು ನಾರಿಸ್ ಆರನೇ ಸ್ಥಾನಕ್ಕೋ ಅದಕ್ಕಿಂತ ಕೆಳಗೋ ಇಳಿಯಬೇಕು.

2016ರಲ್ಲಿ ಇಲ್ಲೇ ರೋಸ್‌ಬರ್ಗ್ ಕೂಡ ಹ್ಯಾಮಿಲ್ಟನ್‌ಗಿಂತ ಇದೇ 12 ಪಾಯಿಂಟ್ ಮುಂದಿದ್ದರು. ಮುಂಚೂಣಿಯಲ್ಲಿದ್ದ ಹ್ಯಾಮಿಲ್ಟನ್ ಬೇಕಂತಲೇ ನಿಧಾನ ಮಾಡಿ, ರೋಸ್‌ಬರ್ಗ್‌ರನ್ನು ಹಿಂದಿನವರ ಬಾಯಿಗೆ ತಳ್ಳಲು ನೋಡಿದರು. ವರ್ಸ್ಟಾಪನ್ ಕೂಡ ಅದನ್ನು ಪ್ರಯತ್ನಿಸಬಹುದು. ಆದರೆ ಅವರು ನಿಧಾನ ಮಾಡಿದರೆ ಮೊದಲು ಮೇಲೆರಗುವುದು ಯಾರು? ಗೆಲುವಿಗಾಗಿ ಓಡುವ ಪಿಯಾಸ್ಟ್ರಿ. ಪಿಯಾಸ್ಟ್ರಿ ಗೆದ್ದರೆ ನಾರಿಸ್‌ಗೆ ಐದನೇ ಸ್ಥಾನ ಸಾಕು. ಅಂದರೆ ಕೈಕಟ್ಟದೆ ಬಿಟ್ಟ ಜೊತೆಗಾರನೇ ನಾರಿಸ್‌ಗೆ ದೊಡ್ಡ ಕಾವಲು. ಅವನನ್ನು ಬಾಡಿಗಾರ್ಡ್ ಮಾಡಿ ಹಿಂದೆ ನಿಲ್ಲಿಸಿದರೆ ವರ್ಸ್ಟಾಪನ್ ಕೆಲಸ ಸಲೀಸು.

ಒಂದೇ ಒಂದು ಇಕ್ಕಟ್ಟಿದೆ. ಕೊನೆಯ ಸುತ್ತುಗಳಲ್ಲಿ ವರ್ಸ್ಟಾಪನ್ ಮುಂದೆ, ಪಿಯಾಸ್ಟ್ರಿ ಮೂರನೇ ಸ್ಥಾನ, ನಾರಿಸ್ ನಾಲ್ಕನೇ ಸ್ಥಾನ. ಆಗ ಪಿಯಾಸ್ಟ್ರಿಯ ಆಸೆ ಹೆಚ್ಚುಕಮ್ಮಿ ಮುಗಿದಿರುತ್ತದೆ, ಜಾಗ ಬಿಡು ಅಂತ ಕೇಳುವುದು ತಪ್ಪಲ್ಲ. ಆದರೆ ಆ ಷರತ್ತನ್ನು ಶನಿವಾರ ರಾತ್ರಿಯೇ ಇಬ್ಬರನ್ನೂ ಕೂರಿಸಿ ಹೇಳಿರಬೇಕು. ಆಟದ ನಡುವೆ ರೇಡಿಯೋದಲ್ಲಿ ಹುಟ್ಟುವ ನಿಯಮಕ್ಕೆ ನಿಯಮ ಅನ್ನಲ್ಲ, ಅದು ಹೈಕಮಾಂಡ್ ಫರ್ಮಾನು.

ಇದೆಲ್ಲ ದುಡ್ಡಿನ ಆಟ ಅಂತ ಗೊತ್ತಿಲ್ಲದೆ ಬರೆಯುತ್ತಿಲ್ಲ. ಟ್ರ್ಯಾಕ್ ಅಬುಧಾಬಿಯದ್ದು, ಮೆಕ್‌ಲಾರೆನ್ ರೇಸಿಂಗ್ ಈಗ ಬಹ್ರೇನ್ ಮತ್ತು ಅಬುಧಾಬಿ ಹೂಡಿಕೆದಾರರ ಕೈಯಲ್ಲಿದೆ. ನಮ್ಮ ಬುದ್ಧ ಸರ್ಕ್ಯೂಟ್‌ನ ರೇಸ್ 2011ರಿಂದ 2013ರವರೆಗೆ ಮೂರೇ ವರ್ಷ ನಡೆದು, ತೆರಿಗೆ ಜಗಳದ ನಡುವೆ ನಿಂತುಹೋಯಿತು. ಹಾಗಾಗಿ ಬೆಂಗಳೂರಿನ ಕುಶ್ ಮೈನಿ ಫಾರ್ಮುಲಾ 2ರಲ್ಲಿ ಓಡುವುದನ್ನು ನೋಡಬೇಕಾದರೂ ನಾವು ಇದೇ ಯಾಸ್ ಮರೀನಾ ಕಡೆ ತಿರುಗಬೇಕು. ಮೇ ತಿಂಗಳಲ್ಲಿ ಮೊನಾಕೊ ಸ್ಪ್ರಿಂಟ್ ಗೆದ್ದ ಹುಡುಗ, ಈ ವಾರಾಂತ್ಯ ಅವರದ್ದೂ ಕೊನೆಯ ಸುತ್ತು. ಅವರನ್ನೂ ನೋಡಿ.

ನನ್ನ ಅಂದಾಜು: ಪೋಲ್ ವರ್ಸ್ಟಾಪನ್‌ಗೆ, ಗೆಲುವೂ ಅವರಿಗೇ. ನಾರಿಸ್ ಎರಡನೆಯವರು, ಹಾಗಾಗಿ 426ಕ್ಕೆ 421, ಐದು ಪಾಯಿಂಟ್‌ನಲ್ಲಿ ಮೊದಲ ಪಟ್ಟ. ಆಸೆ ಬೇರೆ ಇದೆ: ಅದು ಪಿಯಾಸ್ಟ್ರಿಗೆ ಒಂದೂ ಆದೇಶ ಹೋಗದೆ ಆಗಲಿ. ಭಾನುವಾರ ಸಂಜೆ ಟಿವಿ ಮುಂದೆ ಕೂತಾಗ ಒಂದು ವಿಷಯ ಗಮನಿಸಿ, ಮೊದಲ ಪಿಟ್‌ಸ್ಟಾಪ್‌ಗೆ ಮೆಕ್‌ಲಾರೆನ್ ಯಾರನ್ನು ಕರೆಯುತ್ತೆ, ಇನ್ನೊಬ್ಬರಿಗೆ ಬೇರೆ ದಾರಿ ಕೊಡುತ್ತಾ ಅಂತ. ಕತಾರ್‌ನಿಂದ ಪಾಠ ಕಲಿತರೋ ಇಲ್ಲವೋ, ಅಲ್ಲೇ ಗೊತ್ತಾಗುತ್ತೆ.