ಒಂದೇ ಸ್ಟಾರ್ ಒತ್ತುವ ಮುನ್ನ

ರಾತ್ರಿ ಹತ್ತಕ್ಕೆ ಊಟ ತರುವ ಹುಡುಗ ಯಾವ ತಿರುವಿನಲ್ಲಿದ್ದಾನೆ ಎಂಬುದು ನಮ್ಮ ಫೋನಿನಲ್ಲೇ ಕಾಣುತ್ತದೆ. ಚಹಾ ಕುಡಿಯಲು ಎರಡು ನಿಮಿಷ ನಿಂತರೆ ಅದೂ ಕಾಣುತ್ತದೆ. ಆದರೆ ಆ ಎರಡು ನಿಮಿಷಕ್ಕೆ ಕಂಪನಿ ಎಷ್ಟು ಅಂಕ ಕಳೆಯಿತು, ನಾವು ಸಿಟ್ಟಿನಲ್ಲಿ ಒತ್ತಿದ ಒಂದೇ ಸ್ಟಾರು ನಾಳಿನ ಆರ್ಡರುಗಳನ್ನು ಹೇಗೆ ಕತ್ತರಿಸುತ್ತದೆ ಎಂಬುದು ಅವನಿಗೇ ತಿಳಿಯದು. ಮೊನ್ನೆ ನಮ್ಮ ಗೇಟಿನ ಬಳಿ ಒಬ್ಬ ಹೇಳಿದ: "ಐಡಿ ಬ್ಲಾಕ್ ಮಾಡಿಬಿಟ್ರು ಸಾರ್. ಯಾಕೆ ಅಂತ ಕೇಳೋಕೆ ಆ ಕಡೆ ಮನುಷ್ಯರೇ ಇಲ್ಲ."

ಈ ನಿಗಾದ ಎದುರು ಇಂಥವರಿಗೆ ಯಾವ ಹಕ್ಕಿದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ಎಂಬತ್ತಾರರ ಇಳಿವಯಸ್ಸಿನಲ್ಲಿ. ಆದರೆ ಆ ತೀರ್ಪು ಹಿಡಿದು ಡೆಲಿವರಿ ಹುಡುಗನೊಬ್ಬ ಕಂಪನಿಯನ್ನು ಪ್ರಶ್ನಿಸುವುದು ಸುಲಭವಿರಲಿಲ್ಲ.

ಈಗ ಕರ್ನಾಟಕದ್ದೇ ಕಾನೂನಿದೆ: 2025ರ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ. ಕಲ್ಯಾಣ ನಿಧಿಯ ಸುದ್ದಿ ಎಲ್ಲರ ಕಿವಿಗೂ ಬಿದ್ದಿದೆ. ನನಗೆ ಮುಖ್ಯವೆನಿಸುವುದು ಬೇರೆ. ಆ್ಯಪು ಹೇಗೆ ನಿಗಾ ಇಡುತ್ತದೆ, ತಾನಾಗಿಯೇ ಹೇಗೆ ತೀರ್ಮಾನಿಸುತ್ತದೆ, ಅದರಿಂದ ಗಳಿಕೆಗೆ ಏನಾಗುತ್ತದೆ ಎಂಬ ಮಾಹಿತಿ ಕೇಳುವ ಹಕ್ಕು ಕಾರ್ಮಿಕನಿಗೆ ಬಂದಿದೆ. ಒಪ್ಪಂದ ಸರಳ ಭಾಷೆಯಲ್ಲಿರಬೇಕು, ಕನ್ನಡದಲ್ಲೂ ಸಿಗಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು, ಸಾಮಾನ್ಯವಾಗಿ 14 ದಿನ ಮೊದಲು ತಿಳಿಸಬೇಕು. ನಿಗಾ ಇಡುವುದನ್ನೇ ನಿಲ್ಲಿಸಿ ಎಂದು ಕಾಯ್ದೆ ಹೇಳುವುದಿಲ್ಲ, ಅದೊಂದು ಕೊರತೆಯೇ. ಇರಲಿ, ಕೇಳುವ ಬಾಯಿಗೆ ಬಲವಂತೂ ಬಂತು.

ಡೆಲಿವರಿ, ಟ್ಯಾಕ್ಸಿ ದುಡಿಮೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ದಯವಿಟ್ಟು ಈ ಮಾಹಿತಿಯನ್ನು ಕಂಪನಿಯಿಂದ ಕೇಳಿ. ಕೇಳಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಒಬ್ಬರೇ ಕೇಳಲು ಅಳುಕಾದರೆ ನಾಲ್ಕು ಜನ ಸೇರಿ ಕೇಳಿ.

ಆರ್ಡರ್ ಮಾಡುವ ನಮಗೂ ಒಂದು ಮಾತು. ಆ ನಿಗಾದಲ್ಲಿ ನಮ್ಮ ಬೆರಳೂ ಇದೆ. ಮಳೆಯಲ್ಲಿ ತಡವಾಗಿದ್ದಕ್ಕೆ ಸ್ಟಾರ್ ಕಡಿಮೆ ಮಾಡಬೇಡಿ. ಡೆಲಿವರಿ ಹುಡುಗನ ಫೋಟೊ, ನಂಬರನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಇವತ್ತು ಪೊಟ್ಟಣ ಕೈಗಿಡುವವನನ್ನು ಒಮ್ಮೆ ವಿಚಾರಿಸಿ: "ನಿನ್ನ ಒಪ್ಪಂದ ಕನ್ನಡದಲ್ಲಿ ಕೊಟ್ಟಿದ್ದಾರೇನಪ್ಪ?" ಇಲ್ಲವೆಂದರೆ, ಕೇಳಿ ಪಡೆಯಬಹುದೆಂದು ತಿಳಿಸಿ.