ಬಾಟಲಿ ತುಂಬಿಸ್ಕೊಂಡು ಹೋದವರು ರಿಪೋರ್ಟ್ ಕೊಟ್ಟರಾ?

ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆ ಏರಿ ಮೇಲೆ ಒಂದು ಜೀಪು ಬಂದು ನಿಂತಿತು. ಇಳಿದವರು ಮೂವರು ಹುಡುಗರು. ತೂಬಿನ ಹತ್ತಿರ ನಾಲ್ಕು ಬಾಟಲಿ ನೀರು ತುಂಬಿಸಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟರು. ಏನಕ್ಕೆ ಅಂತ ಕೇಳಿದೆ. "ವಾಟರ್ ಕ್ವಾಲಿಟಿ ಅಣ್ಣಾ, ರಿಪೋರ್ಟ್ ಬಂದ್ಮೇಲೆ ಕಳಿಸ್ತೀವಿ" ಅಂದರು. ನನ್ನ ನಂಬರ್ ಬರ್ಕೊಂಡರು, ಒಬ್ಬನ ನಂಬರ್ ನಾನೂ ಇಸ್ಕೊಂಡೆ. ಇನ್ನೊಂದು ಬೇಸಿಗೆ ಬಂತು, ರಿಪೋರ್ಟ್ ಬರಲಿಲ್ಲ.

ಅವರ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನಗೂ ಮುಖ ಇಲ್ಲ. ತೋಟಗಾರಿಕೆ ಡಿಗ್ರಿ ಓದುವಾಗ ನಾನೂ ಹೀಗೇ ಊರೂರಿಗೆ ಹೋಗಿ ಮಣ್ಣು ಅಗೆದು ಕವರಿಗೆ ತುಂಬಿಸ್ಕೊಂಡು ಬಂದವನೇ. ಒಂದು ಹೊಲದಲ್ಲಿ ಅಜ್ಜಿ ಮಜ್ಜಿಗೆ ಕೊಟ್ಟು, "ನಮ್ ಮಣ್ಣಿಗೆ ಏನಾಗೈತೆ ಅಂತ ಹೇಳಪ್ಪಾ" ಅಂದಿದ್ದರು. ನಮಗೆ ಅಂಕ ಬಂತು. ಅಜ್ಜಿಗೆ ಉತ್ತರ ಹೋಗಲೇ ಇಲ್ಲ. ಹೋಗಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮದು ಕೋಲಾರ ಜಿಲ್ಲೆ. ಕೆ.ಸಿ. ವ್ಯಾಲಿ ನೀರು ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿತು, ವಿಷಯ ಕೋರ್ಟ್ ಮೆಟ್ಟಿಲೇರಿತು, ಆಮೇಲೆ ನೀರು ಮತ್ತೆ ಹರಿಯಿತು. ಅಂತರ್ಜಲ ಮೇಲೆ ಬಂದಿರೋದು ಸುಳ್ಳಲ್ಲ, ನನ್ನ ಬೋರ್‌ವೆಲ್ಲೇ ಸಾಕ್ಷಿ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ರೈತರು ಕೇಳ್ತಿರೋದೂ ಸುಮ್ಮನೆ ಅಲ್ಲ. ನಾನು ರಾಸಾಯನಿಕ ಹಾಕದೆ ಸೊಪ್ಪು ಬೆಳೀತೀನಿ. ಬೆಂಗಳೂರಿನ ಗಿರಾಕಿ ಫೋನ್ ಮಾಡಿ, "ನೀರು ಯಾವುದು?" ಅಂತ ಕೇಳ್ತಾರೆ. ನೀರು ನಿಮ್ಮದೇ ಮೇಡಂ ಅನ್ನೋಣ ಅನ್ನಿಸುತ್ತೆ. ಆದರೆ ಅದರಲ್ಲಿ ಏನಿದೆ, ಏನಿಲ್ಲ ಅಂತ ನನ್ನ ಕೈಯಲ್ಲಿ ಒಂದು ಕಾಗದ ಇಲ್ಲ.

ಇದೇ ಕೊರಗಿನಲ್ಲಿ ಕಾಸರಗೋಡಿನ ಎಂಡೋಸಲ್ಫಾನ್ ಕತೆಯನ್ನು ಮೊದಲಿಂದ ಓದಿದೆ. ನಮ್ಮ ವಯಸ್ಸಿನವರಿಗೆ ಅದು ಟೀವಿಯಲ್ಲಿ ನೋಡಿದ ಮಕ್ಕಳ ಫೋಟೋ ಅಷ್ಟೇ. ಒಳಗೆ ನಡೆದದ್ದು ಬೇರೆಯೇ ಇದೆ.

ಕೇರಳದ ಸರ್ಕಾರಿ ಪ್ಲಾಂಟೇಶನ್ ನಿಗಮ ತನ್ನ ಗೇರು ತೋಟಗಳಿಗೆ, ಟೀ ಸೊಳ್ಳೆ ಅನ್ನುವ ಕೀಟಕ್ಕಾಗಿ, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ತೋಟ ಗುಡ್ಡದ ಮೇಲೆ, ಜನ ಕೆಳಗೆ. ಆ ಭಾಗದಲ್ಲಿ ಕುಡಿಯುವ ನೀರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ತೋಡುಗಳಿಂದ ಬರುತ್ತೆ. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಎಲ್ಲಿಗೆ ಹೋದೀತು?

ಮೊದಲು ಇದನ್ನು ಗಮನಿಸಿದ್ದು ಯಾವ ಲ್ಯಾಬೂ ಅಲ್ಲ. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದ ಕನ್ನಡ ಕೃಷಿಕ ಮತ್ತು ಪತ್ರಕರ್ತ ಶ್ರೀ ಪಡ್ರೆ, ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿರುವುದನ್ನು ಸಿಂಪಡಣೆ ಶುರುವಾದ ಕೆಲವೇ ವರ್ಷಗಳಲ್ಲಿ ಬರೆದರು. ಅಡಿಕೆ ಪತ್ರಿಕೆ ಓದುವವರಿಗೆ ಅವರ ಹೆಸರು ಗೊತ್ತು. ಅದೇ ಊರಿನ ವೈದ್ಯ ಡಾ. ಮೋಹನ ಕುಮಾರ್, ಒಂದೇ ಕಡೆ ಇಷ್ಟೊಂದು ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ತಮ್ಮ ರೋಗಿಗಳನ್ನೇ ನೋಡಿ ಲೆಕ್ಕ ಹಾಕಿದರು, ವೈದ್ಯಕೀಯ ಪತ್ರಿಕೆಗೆ ಬರೆದರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ 1998ರಲ್ಲಿ ಸಿಂಪಡಣೆ ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. ಅವರು ಕೃಷಿ ಇಲಾಖೆಯ ನೌಕರೆ! ಇಲಾಖೆಯವರೆಲ್ಲ ಔಷಧಿ ಕಂಪನಿ ಪರ ಅಂತ ಮಾತಾಡ್ತೀವಲ್ಲ, ಆಗೆಲ್ಲ ನನಗೆ ಈಯಮ್ಮ ನೆನಪಾಗ್ತಾರೆ.

ವಿಜ್ಞಾನಿಗಳು ಬಂದದ್ದು ಆಮೇಲೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ಪಡ್ರೆಯ ನೀರು, ಮಣ್ಣು, ಜನರ ರಕ್ತ ಎಲ್ಲ ಪರೀಕ್ಷಿಸಿ, ಎಂಡೋಸಲ್ಫಾನ್ ಭಾರೀ ಪ್ರಮಾಣದಲ್ಲಿದೆ ಅಂದಿತು. ಅದೇ ವರ್ಷ ನಿಗಮ ಮಾಡಿಸಿದ ಪರೀಕ್ಷೆ, ನೀರಲ್ಲೂ ರಕ್ತದಲ್ಲೂ ಇಲ್ಲ ಅಂದಿತು. ಒಂದೇ ಊರು, ಎರಡು ಉತ್ತರ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. ಅವರು ಸಿಂಪಡಣೆ ಇಲ್ಲದ ಮೀಂಜ ಊರಿನ ಮಕ್ಕಳನ್ನೂ ಇಲ್ಲಿನ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇಲ್ಲಿನ ಮಕ್ಕಳ ರಕ್ತದಲ್ಲಿ ಅಂಶ ಹೆಚ್ಚಿತ್ತು, ಗಂಡುಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ಪರಿಹಾರದ ಬಗ್ಗೆ 5 ಲಕ್ಷ ಕೊಡಿ ಅಂತ ಕೋರ್ಟ್ ಗಟ್ಟಿಯಾಗಿ ಹೇಳಿದ್ದು 2017ರಲ್ಲಿ. ನಮ್ಮ ಬೆಳ್ತಂಗಡಿಯ ಕೊಕ್ಕಡದ ಕಡೆಯೂ ಗೇರು ತೋಟ ಇತ್ತು, ಇದೇ ಔಷಧಿ, ಇದೇ ಗೋಳು.

ಇವತ್ತಿಗೂ ಕೆಲವು ಕೃಷಿ ವಿಜ್ಞಾನಿಗಳು, ಈ ಕಾಯಿಲೆಗಳಿಗೆ ಎಂಡೋಸಲ್ಫಾನೇ ಕಾರಣ ಅನ್ನೋದು ಸಾಬೀತಾಗಿಲ್ಲ ಅಂತ ವಾದಿಸ್ತಾರೆ. ಅವರನ್ನ ಬಯ್ಯೋದು ಸುಲಭ. ನನಗೆ ಕಾಣೋದು ಇನ್ನೊಂದು. ಹೆಲಿಕಾಪ್ಟರ್ ಹಾರುವ ಮೊದಲು ಆ ಊರಿನ ನೀರು ಹೇಗಿತ್ತು, ಎಷ್ಟು ಮಕ್ಕಳು ಹೇಗೆ ಹುಟ್ಟುತ್ತಿದ್ದರು ಅಂತ ಯಾರೂ ಅಳೆದಿಡಲಿಲ್ಲ. ಅಳತೆ ಇಲ್ಲದ ಕಡೆ ವಾದ ಎಷ್ಟು ವರ್ಷ ಬೇಕಾದರೂ ಎಳೆಯಬಹುದು, ಹಾಸಿಗೆ ಹಿಡಿದ ಮಗುವಿನ ತಾಯಿ ಮಾತ್ರ ಕಾಯ್ತಾ ಕೂರಬೇಕು.

ಹಾಗಾಗಿ ನನ್ನ ವಾದ ಇಷ್ಟೇ: ವಿಜ್ಞಾನಿಗಳು, ಎಂಜಿನಿಯರುಗಳು ಊರಿಗೆ ಬರಲಿ, ಬರಲೇಬೇಕು. ಆದರೆ ಎಲ್ಲಿ ಬಾಟಲಿ ತುಂಬಿಸಬೇಕು, ಯಾವಾಗ, ಏನನ್ನು ಹುಡುಕಬೇಕು ಅನ್ನೋದನ್ನ ಊರಿನವರ ಜೊತೆ ಕೂತು ತೀರ್ಮಾನಿಸಲಿ. ನಮ್ಮ ಕೆರೆಗೆ ಬಂದ ಹುಡುಗರು ತೂಬಿನ ಹತ್ತಿರ ತುಂಬಿಸಿದರು. ಪೈಪಿನ ನೀರು ಒಳಗೆ ಬರೋದು ಆಚೆ ದಡದಲ್ಲಿ, ಮೀನು ಸತ್ತು ತೇಲಿದ್ದೂ ಅಲ್ಲೇ. ದನ ಮೇಯಿಸುವ ಹುಡುಗನನ್ನ ಕೇಳಿದ್ದರೆ ತೋರಿಸ್ತಿದ್ದ. ಕೆರೆ ಪಕ್ಕದ ಬೋರ್‌ವೆಲ್ ನೀರನ್ನು ಯಾರೂ ಮುಟ್ಟಲೇ ಇಲ್ಲ. ಸೊಪ್ಪಿಗೆ ಬಿಡೋದು ಆ ನೀರನ್ನ.

ನಾವೂ ಸುಮ್ಮನೆ ಕೂರುವಂತಿಲ್ಲ. ಕೈಯಲ್ಲಿ ಫೋನ್ ಇದೆ. ನೊರೆ ಬಂದ ದಿನ, ವಾಸನೆ ಬಂದ ದಿನ, ಮೀನು ಸತ್ತ ದಿನ ಲೊಕೇಶನ್ ಆನ್ ಮಾಡಿ ಫೋಟೋ ತೆಗೆದಿಡಿ, ಬರೀ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಬಿಡಬೇಡಿ, ಅದು ಮಾರನೇ ದಿನ ಇರಲ್ಲ. ಯಾರಾದರೂ ಸ್ಯಾಂಪಲ್ ತೆಗೆಯೋಕೆ ಬಂದರೆ ಯಾವ ಲ್ಯಾಬಿಗೆ ಹೋಗುತ್ತೆ, ಬರೀ ಕೊಳಚೆಯ ರೋಗಾಣು ನೋಡ್ತಾರಾ, ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳನ್ನೂ ನೋಡ್ತಾರಾ ಅಂತ ಕೇಳಿ. ಅವರ ಎದುರೇ ಇನ್ನೊಂದು ಬಾಟಲಿ ತುಂಬಿಸಿ, ಸೀಲ್ ಮಾಡಿ, ಇಬ್ಬರೂ ಸಹಿ ಹಾಕಿ ಪಂಚಾಯಿತಿಯಲ್ಲಿಡಿ ಅನ್ನಿ. ಲೋಹದ ಪರೀಕ್ಷೆಗೆ ಆ ಬಾಟಲಿಗೆ ಆಸಿಡ್ ಹನಿ ಹಾಕಿಡಬೇಕು, ಅದನ್ನ ಅವರ ಕೈಲೇ ಹಾಕಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಇಟ್ಟ ನೀರು ಬರಲ್ಲ, ತಂಪಲ್ಲಿಟ್ಟು ಒಂದು ದಿನದೊಳಗೆ ಲ್ಯಾಬ್ ಸೇರಬೇಕು. ರಿಪೋರ್ಟ್ ಕನ್ನಡದಲ್ಲಿ ಗ್ರಾಮ ಸಭೆ ಮುಂದೆ ಓದಬೇಕು. ಒಪ್ಪಲ್ಲ ಅಂದರೆ ನಮ್ಮ ನೀರು ಮುಟ್ಟೋದು ಬೇಡ ಅನ್ನೋ ಹಕ್ಕು ನಮಗಿದೆ ಅಂತಲೇ ನಾನು ಅನ್ಕೊಂಡಿದ್ದೀನಿ.

ರಿಪೋರ್ಟ್‌ನಲ್ಲಿ ಕೆಟ್ಟದ್ದು ಬಂದರೆ ಸೊಪ್ಪು ಯಾರು ಕೊಳ್ತಾರೆ ಅನ್ನೋ ಭಯ ನನಗೂ ಇದೆ, ಪಕ್ಕದ ಹೊಲದವರಿಗೂ ಇದೆ. "ಗೊತ್ತಿಲ್ದೆ ಇದ್ರೇನೆ ಒಳ್ಳೇದಪ್ಪಾ" ಅಂತ ನಮ್ಮ ಚಿಕ್ಕಪ್ಪನೇ ಅಂದರು. ರಾತ್ರಿ ಅದನ್ನೇ ಯೋಚಿಸ್ತಾ ಮಲಗಿದ್ದೂ ಉಂಟು.

ಹೋದ ವಾರ ಆ ಹುಡುಗನಿಗೆ ಫೋನ್ ಮಾಡಿದೆ. ಓದು ಮುಗಿಸಿ ಕಂಪನಿ ಸೇರಿದ್ದಾನೆ. "ಅಣ್ಣಾ, ರಿಪೋರ್ಟ್ ನಮ್ ಗೈಡ್ ಹತ್ರ ಇರುತ್ತೆ" ಅಂತ ಅವರ ನಂಬರ್ ಕೊಟ್ಟ. ಎರಡು ಸಲ ಮಾಡಿದೆ, ರಿಂಗ್ ಆಯ್ತು, ಎತ್ತಲಿಲ್ಲ. ಸೋಮವಾರ ಮತ್ತೆ ಮಾಡ್ತೀನಿ.