ಊರಿಗೊಂದು ನಿಸ್ತಂತು ಕಂಬ

ಕೆರೆಯ ಬೇಸಾಯವು ಪ್ರಧಾನವಾಗಿದ್ದ ಕಾಲದಲ್ಲಿ ನೀರು ಎಷ್ಟಿದೆಯೆಂಬುದು ಊರಿನವರೆಲ್ಲರ ಕಣ್ಣಿಗೂ ಕಾಣುತ್ತಿದ್ದಿತು. ನೀರುಗಂಟಿಯು ತೂಬನ್ನೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದನು. ಕೊಳವೆಬಾವಿಯ ನೀರಾದರೋ ಯಾರ ಕಣ್ಣಿಗೂ ಬೀಳತಕ್ಕದ್ದಲ್ಲ. ಬಾವಿಯು ಬತ್ತಿದ ಮೇಲೆಯೇ ಅದರ ಮಟ್ಟ ಇಳಿಯುತ್ತಿದ್ದಿತೆಂಬುದು ತಿಳಿದುಬರುವುದು. ಕೋಲಾರ ಜಿಲ್ಲೆಯಲ್ಲಿ ಅಂತರ್ಜಲವು ಮಿತಿಮೀರಿ ವ್ಯಯವಾಗಿರುವುದು ಸರ್ವರಿಗೂ ತಿಳಿದ ವಿಷಯವೇ ಸರಿ.

ಈ ಕಾಣದ ನೀರನ್ನು ಕಾಣುವಂತೆ ಮಾಡಬಲ್ಲ ಸಾಧನವೊಂದು ಈಗ ಒದಗಿರುವುದು. ಅದು ಲೋರಾ ಎಂಬ ನಿಸ್ತಂತು ಪದ್ಧತಿ. ಫ್ರಾನ್ಸ್ ದೇಶದ ಸೈಕ್ಲಿಯೋ ಎಂಬ ಸಂಸ್ಥೆಯು ಇದನ್ನು ರೂಪಿಸಿತು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕಂಪೆನಿಯು ಆ ಸಂಸ್ಥೆಯನ್ನು ಕೊಂಡುಕೊಂಡಿತು. ಬಾವಿಯ ನೀರಿನ ಮಟ್ಟವನ್ನೋ ಮಣ್ಣಿನ ತೇವವನ್ನೋ ಅಳೆಯುವ ಸಣ್ಣ ಮಾಪಕವು ಗಂಟೆಗೊಮ್ಮೆ ಎಚ್ಚೆತ್ತು, ನಾಲ್ಕಾರು ಅಂಕಿಗಳನ್ನು ಕಳುಹಿಸಿ, ಪುನಃ ನಿದ್ರಿಸುವುದು. ಆದುದರಿಂದ ಒಂದು ಬ್ಯಾಟರಿಯು ಹಲವು ವರ್ಷ ಬಾಳುವುದು. ಮಾತನ್ನಾಗಲಿ ಚಿತ್ರವನ್ನಾಗಲಿ ಇದು ಸಾಗಿಸಲಾರದು. ರೈತನಿಗೆ ಅದರ ಅಗತ್ಯವೂ ಇಲ್ಲ. ತೆರೆದ ಬಯಲಿನಲ್ಲಿ ಎತ್ತರದ ಒಂದು ಕಂಬವು ಕೆಲವು ಕಿಲೋಮೀಟರು ಸುತ್ತಿನ ನೂರಾರು ಮಾಪಕಗಳ ವರದಿಯನ್ನು ಗ್ರಹಿಸಬಲ್ಲುದು. ಗುಡ್ಡ ಅಥವಾ ದಟ್ಟವಾದ ತೋಟ ಅಡ್ಡಬಂದರೆ ಈ ದೂರವು ತಗ್ಗುವುದು. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಅಲ್ಪಶಕ್ತಿಯ ಯಂತ್ರಗಳಿಗಾಗಿ ಕೇಂದ್ರ ಸರ್ಕಾರವು 2005ರಲ್ಲಿಯೇ ಪರವಾನಗಿಯಿಂದ ವಿನಾಯಿತಿಗೊಳಿಸಿತು.

ಗ್ರಾಮ ಪಂಚಾಯತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇರುವಾಗ ಇದೇತಕ್ಕೆ ಎಂದು ಕೆಲವರು ಕೇಳಬಹುದು. ಮಳೆಮಾಪಕವು ಬಿದ್ದ ನೀರಿನ ಲೆಕ್ಕವನ್ನು ಹೇಳುವುದು. ಉಳಿದ ನೀರಿನ ಲೆಕ್ಕವನ್ನು ಹೇಳಲಾರದು.

ಜಮೀನುದಾರರು ತಮತಮಗೆ ಪ್ರತ್ಯೇಕ ಯಂತ್ರಗಳನ್ನು ಕೊಳ್ಳುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಊರಿಗೆಲ್ಲ ಸೇರಿ ಒಂದೇ ಕಂಬವನ್ನು ಶಾಲೆಯ ಮೇಲೋ ನೀರಿನ ಟ್ಯಾಂಕಿನ ಮೇಲೋ ನಿಲ್ಲಿಸತಕ್ಕದ್ದು. ಆರಿಸಿದ ಕೆಲವು ಕೊಳವೆಬಾವಿಗಳಿಗೆ ಮಾಪಕಗಳನ್ನಿಟ್ಟು, ಪಂಪು ನಿಂತು ಕೆಲವು ಗಂಟೆಗಳಾದ ಮೇಲಿನ ಮಟ್ಟವನ್ನು ವಾರಕ್ಕೊಮ್ಮೆ ಪಂಚಾಯತಿಯ ಹಲಗೆಯ ಮೇಲೆ ಬರೆಯಿಸತಕ್ಕದ್ದು. ಬೇಸಗೆಯ ಬೆಳೆಯಿಡುವ ಮುನ್ನ ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದು.

“ನನ್ನ ಬಾವಿಯ ಸಂಗತಿ ಪರರಿಗೇಕೆ?” ಎಂಬ ಆಕ್ಷೇಪಣೆಯು ಬಂದೇ ಬರುವುದು. ಹೊಲದ ತೇವದ ಲೆಕ್ಕವು ಹೊಲದೊಡೆಯನದೇ ಆಗಿರಲಿ. ಅಂಕಿಗಳು ಗುಪ್ತಲಿಪಿಯಲ್ಲಿ ಸಾಗುವುದರಿಂದ ಅದರ ಬೀಗದಕೈ ಯಾರ ವಶದಲ್ಲಿರಬೇಕೆಂಬುದನ್ನು, ಯಂತ್ರವನ್ನು ಕೊಳ್ಳುವ ಮೊದಲೇ ಮಾರುವವರೊಡನೆ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಅಂತರ್ಜಲದ ಮಾತು ಮಾತ್ರ ಬೇರೆ. ನೆಲದ ಮೇಲೆ ಬದುವುಂಟು. ನೆಲದ ಕೆಳಗಣ ನೀರಿಗೆ ಬದುವಿಲ್ಲ. ಒಬ್ಬನು ಹಗಲಿರುಳೂ ಪಂಪು ಹಾಕಿದರೆ ನೆರೆಯವನ ಬಾವಿಯೂ ಇಳಿಯುವುದು. ಆದಕಾರಣ ಆ ಲೆಕ್ಕವು ಊರಿನ ಸೊತ್ತು.

ಯಂತ್ರವನ್ನು ಕುರುಡಾಗಿ ನಂಬಲೂ ಕೂಡದು. ಎರೆಭೂಮಿಯು ಬಿರಿದಾಗ ತೇವಮಾಪಕಕ್ಕೂ ಮಣ್ಣಿಗೂ ನಡುವೆ ಗಾಳಿ ಹೊಕ್ಕು, ಅಂಕಿಗಳು ತಪ್ಪುವುವು. ಕೆಂಪುಮಣ್ಣಿಗೆ ಸರಿಹೊಂದಿಸಿದ ಮಾಪಕವು ಎರೆಮಣ್ಣಿಗೆ ಒಪ್ಪದು. ಆದುದರಿಂದ ಆಗಾಗ್ಗೆ ಗುದ್ದಲಿಯಿಂದ ಅಗೆದು ಮಣ್ಣನ್ನು ಹಿಡಿದು ನೋಡುವುದೂ, ಬಾವಿಗೆ ಅಳತೆಯ ಹಗ್ಗವನ್ನಿಳಿಸಿ ತಾಳೆ ನೋಡುವುದೂ ಅವಶ್ಯ.

ಮಾಪಕವು ಒಂದು ತೊಟ್ಟು ನೀರನ್ನೂ ಉತ್ಪತ್ತಿ ಮಾಡದು. ಇರುವ ನೀರನ್ನು ಕುರಿತು ಊರಿನವರು ಕೂಡಿ ಯೋಚಿಸುವಂತೆ ಮಾಡಬಲ್ಲುದು, ಅಷ್ಟೆ. ಹಲಗೆಯ ಮೇಲಿನ ಅಂಕಿ ಇಳಿಯುತ್ತಿರುವಾಗ ಮೊದಲು ತಮ್ಮ ಪಂಪನ್ನು ನಿಲ್ಲಿಸಿ ಮೇಲ್ಪಂಕ್ತಿ ಹಾಕಬೇಕಾದವರು ಹೆಚ್ಚು ಜಮೀನುಳ್ಳವರೇ. ಗ್ರಾಮದ ಮುಖಂಡರು ಮುಂದಿನ ಗ್ರಾಮಸಭೆಯಲ್ಲಿಯೇ ಈ ವಿಷಯವನ್ನು ಪ್ರಸ್ತಾಪಿಸುವರೆಂದು ನಂಬಿದ್ದೇವೆ.